ಜ್ವರಕ್ಕೆ ಕೂತ ಪ್ರಬಂಧ

ಕೆಂಚಮ್ಮನ ಪ್ರಕಾರ ಲೋಕದಲ್ಲಿ ಹಾಳೆಗಳು ಎರಡೇ ಬಗೆ. ಏನೂ ಬರೆಯದೆ ಖಾಲಿ ಇರುವುದು ಹೊಸ ಹಾಳೆ. ಅದನ್ನು ಮುಟ್ಟಬಾರದು, ಮಗನಿಗೆ ಬೇಕಾಗುತ್ತದೆ. ಬರೆದು ತುಂಬಿಸಿದ್ದು ಹಳೆಯ ಹಾಳೆ. ಅದರ ಕೆಲಸ ಮುಗಿದಿದೆ, ರೇಷ್ಮೆ ಹುಳುವಿನ ತಟ್ಟೆಗೆ ಹಾಸಬಹುದು. ಈ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಆ ಗುರುವಾರ ಬೆಳಿಗ್ಗೆ ಮನೋಹರ್ ತನ್ನ ಮೇಜಿನ ಮುಂದೆ ನಿಂತು, ಅಚ್ಚುಕಟ್ಟಾಗಿ ಜೋಡಿಸಿಟ್ಟ ಖಾಲಿ ಹಾಳೆಗಳ ಕಟ್ಟನ್ನು ಹೆಣ ನೋಡಿದವನಂತೆ ನೋಡುತ್ತಿದ್ದ.

"ಅವ್ವಾ, ಇಲ್ಲಿದ್ದ ಪೇಪರ್ ಎಲ್ಲಿ?"

"ಅಲ್ಲೇ ಐತಲ್ಲ. ಒಂದು ಹಾಳೇನೂ ಮುಟ್ಟಿಲ್ಲ ನಾನು."

"ಇದು ಖಾಲಿ ಪೇಪರ್ರು. ಬರ್ದು ಮಡಗಿದ್ದೆನಲ್ಲ, ಅದು ಎಲ್ಲಿ?"

"ಬರ್ದಾಗಿತ್ತಲ್ಲಪ್ಪ," ಎಂದಳು ಕೆಂಚಮ್ಮ, ಇದೆಂಥ ಪ್ರಶ್ನೆ ಎಂಬಂತೆ. "ನೆನ್ನೆ ಬೆಳಿಗ್ಗೆ ತಟ್ಟೆಗೆ ಹಾಸ್ದೆ. ಮೇಲಿನ ತಟ್ಟೆಗೆಲ್ಲ ನಿನ್ನ ಹಳೇ ನೋಟ್ಸು ಸಾಕಾಯ್ತು. ಮೂರು ಸ್ಟ್ಯಾಂಡಿನ ಅಡಿ ತಟ್ಟೆಗೆ ಸಾಲ್ದೇ ಬಂತು. ನ್ಯೂಸ್ ಪೇಪರ್ ಇಂಕಿನ ವಾಸ್ನೆ ಹುಳಕ್ಕೆ ಆಗಾಕಿಲ್ಲ ಅಂತ ನೀನೇ ತಾನೆ ಅಂದಿದ್ದು."

ಅಂದದ್ದು ನಿಜ. ಅಂದದ್ದು ಮಾತ್ರವಲ್ಲ, ಅದನ್ನು ಪ್ರಬಂಧದ ಒಂಬತ್ತನೆಯ ಪುಟದಲ್ಲಿ ಬರೆದೂ ಇದ್ದ. ಆ ಒಂಬತ್ತನೆಯ ಪುಟವೂ ಈಗ ಹುಳುವಿನ ಕೆಳಗಿತ್ತು.

ಆ ಇಪ್ಪತ್ತಾರು ಹಾಳೆಗಳು ಬರಿಯ ಹಾಳೆಗಳಲ್ಲ, ಮನೋಹರನ ಅನ್ನ. ಏಳು ವರ್ಷದಿಂದ ಅವನು ವಿರೂಪಾಕ್ಷಿಪುರದ ಹತ್ತಿರದ ಈ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ರಾಮನಗರಕ್ಕೆ ಹೋಗಿ, ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕನಾಗಿ ಸಮಾಜಶಾಸ್ತ್ರ ಹೇಳುತ್ತಿದ್ದ. ಬಿಡದಿಯ ಕಾರ್ಖಾನೆಗಳ ವ್ಯಾನುಗಳು ಊರೂರಿನ ಅರಳೀಕಟ್ಟೆಗೆ ಬಂದು ಹಾರ್ನ್ ಹೊಡೆಯತೊಡಗಿದ ಮೇಲೆ ಹುಡುಗರೆಲ್ಲ ಫಿಟ್ಟರು, ವೆಲ್ಡರು ಕಲಿಯಲು ಓಡಿದರು. ಸಮಾಜಶಾಸ್ತ್ರದ ತರಗತಿಯಲ್ಲಿ ಸಮಾಜವೇ ಇಲ್ಲವಾಯಿತು. ರಾಮನಗರ ಜಿಲ್ಲೆಯಾದ ಆ ವರ್ಷವೇ ಆಡಳಿತ ಮಂಡಳಿ ತೀರ್ಮಾನಿಸಿತು: ಇಬ್ಬರು ಅರೆಕಾಲಿಕರು ಬೇಡ, ಒಬ್ಬರನ್ನು ಕಾಯಂ ಮಾಡಿ ಇನ್ನೊಬ್ಬರನ್ನು ಮನೆಗೆ ಕಳಿಸಿ. ಇನ್ನೊಬ್ಬರು ಎಂದರೆ ಭಾನುಪ್ರಿಯ. ಮನೋಹರನಷ್ಟೇ ಓದಿದವಳು, ಅವನಿಗಿಂತ ಚೆನ್ನಾಗಿ ಮಾತಾಡುವವಳು.

ಪ್ರಿನ್ಸಿಪಾಲ್ ಅನಂತರಾಜು ನ್ಯಾಯವಂತರು. ನ್ಯಾಯವಂತರಿಂದ ಬರುವ ಕಷ್ಟ ಅನ್ಯಾಯಗಾರರಿಂದಲೂ ಬರುವುದಿಲ್ಲ. ಇಬ್ಬರಿಗೂ ಒಂದೇ ವಿಷಯ ಕೊಟ್ಟು ವಾದದ ಪ್ರಬಂಧ ಬರೆಯಲು ಹೇಳಿದರು. ವಿಷಯ, ರೇಷ್ಮೆ ಹುಳು ಸಾಕುವ ಮನೆಯ ಕಟ್ಟುಪಾಡುಗಳು ವಿಜ್ಞಾನವೋ ಮೂಢನಂಬಿಕೆಯೋ ಎಂಬುದು. ಹೊರಗಿನವರು ಒಳಗೆ ಬರಬಾರದು, ಒಗ್ಗರಣೆಯ ಘಾಟು ಏಳಬಾರದು, ಸೆಂಟು ಪೂಸಿಕೊಳ್ಳಬಾರದು, ಜ್ವರ ಕೂತ ಹುಳುವನ್ನು ಅಲ್ಲಾಡಿಸಬಾರದು, ಇಂಥವು. ಚೀಟಿ ಎತ್ತಿದಾಗ ಮನೋಹರನಿಗೆ ವಿಜ್ಞಾನ ಬಂತು, ಭಾನುಪ್ರಿಯಳಿಗೆ ಮೂಢನಂಬಿಕೆ. ಪೀಠಿಕೆಯನ್ನು ಇಬ್ಬರೂ ಹಿಂದಿನ ತಿಂಗಳೇ ಕೊಟ್ಟು, ಒಬ್ಬರದ್ದನ್ನು ಒಬ್ಬರು ಓದಿಯೂ ಆಗಿತ್ತು. ಒಡಲು ಮತ್ತು ತೀರ್ಮಾನ ಈ ಗುರುವಾರ ಸಂಜೆ ನಾಲ್ಕರೊಳಗೆ ಅವರ ಮೇಜಿಗೆ ಬರಬೇಕು. "ಎದುರಾಳಿಯ ವಾದವನ್ನು ಕೆಂಪು ಇಂಕಿನಲ್ಲಿ ಬರೀರಿ, ನಿಮ್ಮ ಉತ್ತರವನ್ನು ಬೇರೆ ಹಾಳೆಯಲ್ಲಿ ನೀಲಿಯಿಂದ, ಎಲ್ಲವೂ ಒಂದೇ ಮಗ್ಗುಲಿಗೆ," ಎಂದೂ ಹೇಳಿದ್ದರು. "ಯಾರು ಎದುರಾಳಿಗೆ ಎಷ್ಟು ಮರ್ಯಾದೆ ಕೊಟ್ಟಿದ್ದಾರೆ ಅಂತ ಕಣ್ಣಿಗೇ ಕಾಣ್ಬೇಕು."

ಮನೋಹರ್ ನಲವತ್ತು ಮನೆ ಸುತ್ತಿ ಬರೆದ. ಪ್ರತಿ ಪುಟವನ್ನೂ ತಾಯಿಗೆ ಓದಿ ಹೇಳಿ ಒಪ್ಪಿಗೆ ಪಡೆದ. ಇನ್ನೊಂದು ಸಾಕ್ಷಿ ಸಿಕ್ಕರೆ ಗಟ್ಟಿ ಎಂದು ಬುಧವಾರ ಬೆಳಗಾಗುವ ಮೊದಲೇ ಕನಕಪುರ ತಾಲ್ಲೂಕಿನ ಕೋಡಿಹಳ್ಳಿಗೆ ಹೋಗಿ, ಅಲ್ಲೇ ಉಳಿದು, ಗುರುವಾರ ಬೆಳಿಗ್ಗೆ ಹಿಂದಿರುಗಿದ್ದ. ಬಸ್ಸು ಹತ್ತುವಾಗ ಅಲ್ಲಿನ ಮುದುಕ ಮುನಿಶಾಮಯ್ಯ, "ತಡೀರಿ ಮೇಷ್ಟ್ರೇ, ನಮ್ಮೂರಲ್ಲಿ ಒಂದು ಮನೆ ಹುಳ ಪೂರ್ತಿ ಸತ್ತೋದ ಕತೆ ಐತೆ, ಕೇಳ್ಕಂಡು ಹೋಗಿ," ಎಂದು ಕೈ ಹಿಡಿದಿದ್ದ. "ಇನ್ನೊಂದ್ಸಲ ಬಂದಾಗ ಹೇಳಿ," ಎಂದು ಮನೋಹರ್ ಕೈ ಬಿಡಿಸಿಕೊಂಡಿದ್ದ.

ಈಗ ಅವನು ಹುಳುವಿನ ಕೋಣೆಗೆ ನುಗ್ಗಲು ಹೋದ. ಕೆಂಚಮ್ಮ ಹೊಸಿಲಿಗೆ ಅಡ್ಡ ನಿಂತಳು.

"ಕಾಲು ತೊಳ್ದ್ಯಾ?"

"ಅವ್ವಾ, ನನ್ನ ಕೆಲ್ಸ ಹೋಗ್ತದೆ."

"ಬಸ್ಸಲ್ಲಿ ಬಂದಿದ್ದೀಯ. ಯಾರ್ಯಾರ ಸೆಂಟು ಮೆತ್ಕಂಡೈತೋ. ಸ್ನಾನ ಮಾಡು ಮೊದ್ಲು. ಅದೂ ನಿನ್ನ ಪೇಪರಲ್ಲೇ ಐತೆ."

ಸ್ನಾನವಾಯಿತು. ಒದ್ದೆ ತಲೆಯಲ್ಲಿ ಒಳಗೆ ಹೋಗಿ ಅಡಿಯ ತಟ್ಟೆಗೆ ಬಗ್ಗಿ ನೋಡಿದ. ತಟ್ಟೆಯ ತುಂಬ ಹುಳುಗಳು ತಲೆ ಎತ್ತಿ, ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ನಿಶ್ಚಲವಾಗಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಹೀಗೆ ಕೂರುತ್ತದೆ. ಅದಕ್ಕೆ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಇದು ನಾಲ್ಕನೆಯದು, ಕೊನೆಯದು, ದೊಡ್ಡದು. ಈಗ ಅಲ್ಲಾಡಿಸಿದರೆ ಪೊರೆ ಸಿಕ್ಕಿಕೊಂಡು ಹುಳು ಸಾಯುತ್ತದೆ.

"ಯಾವಾಗ ಕೂತ್ವು?"

"ನೆನ್ನೆ ಮಧ್ಯಾನ್ನ. ಇವತ್ತು ಸಂಜೆಗೋ ನಾಳೆ ಬೆಳಿಗ್ಗೆಗೋ ಏಳ್ತವೆ. ಅಷ್ಟೊತ್ತು ಸುಮ್ಕಿರು. ಜ್ವರಕ್ಕೆ ಕೂತಾಗ ಸುಮ್ಕಿದ್ರೆ ಅರ್ಧ ಕೆಲ್ಸ ಆದಂಗೆ."

"ಒಂದು ಹಾಳೆ, ಒಂದೇ ಒಂದು ಮೆಲ್ಲಗೆ ಎಳ್ಕತೀನಿ."

ಕೆಂಚಮ್ಮ ಮಗನ ಮುಖವನ್ನೇ ನೋಡಿದಳು. "ಜ್ವರ ಕೂತ ಹುಳ ಮುಟ್ಟೋನು ಬಸುರಿ ಹೊಟ್ಟೆಗೆ ಒದ್ದಂಗೆ ಅಂತ ಬರ್ದಿದ್ದೆ. ಓದಿ ಹೇಳ್ದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು."

ಸ್ವಂತ ವಾದಕ್ಕೆ ಸೋಲುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಮನೋಹರ್ ಅಂಗಳಕ್ಕೆ ಬಂದು, ಕೈ ಹಿಂದೆ ಕಟ್ಟಿಕೊಂಡು, ತೊಟ್ಟಿಯ ಸುತ್ತ ನಾಲ್ಕು ಸಲ ತಿರುಗಿದ. ಐದನೆಯ ಸುತ್ತಿಗೆ ಪಕ್ಕದ ಮನೆಯ ಕರಿಯಪ್ಪ ಬೇಲಿಯ ಮೇಲಿಂದ ತಲೆ ಹಾಕಿದ. ಊರಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಬಂದು ನೋಡುವವನು ಇವನು.

"ಏನ್ಲಾ ಮನೋಹರ, ಏನು ಕಳ್ಕಂಡೆ?"

"ಪ್ರಬಂಧ."

"ಅದ್ಯಾವ ಊರಿನೋನು?"

ವಿಷಯ ತಿಳಿದ ಮೇಲೆ ಕರಿಯಪ್ಪ ಬೀಡಿ ಹಚ್ಚಲು ಹೋಗಿ, ಕೆಂಚಮ್ಮನ ನೋಟ ಕಂಡು, ಕಿವಿಗೆ ಸಿಕ್ಕಿಸಿಕೊಂಡ. "ಬಾಯಲ್ಲಿ ಐತಲ್ಲ ನಿಂಗೆ? ಮತ್ತೆ ಬರಿ. ನಾನು ಮದುವೆ ಮನೇಲಿ ಸೋಬಾನೆ ಪದ ಇನ್ನೂರು ಹೇಳ್ತೀನಿ, ಒಂದನ್ನಾರ ಬರ್ಕಂಡಿವ್ನಾ?"

"ನಲವತ್ತು ಮನೆ ಜನ ಹೇಳಿದ ಮಾತು ಕರಿಯಣ್ಣ. ಹೆಸರು, ದಿನ, ತಟ್ಟೆ ಎಷ್ಟು, ಉಳಿದದ್ದೆಷ್ಟು, ಎಲ್ಲ ಅದ್ರಲ್ಲೈತೆ."

"ಹಂಗಾರೆ ಕೆಟ್ಟೆ ಬುಡು," ಎಂದು ಕರಿಯಪ್ಪ ಸಮಾಧಾನ ಹೇಳಿದ. ಹೇಳಿ ಸುಮ್ಮನಾಗಲಿಲ್ಲ. ಊರಿನಲ್ಲಿ ಹುಳುವಿನ ವಿಷಯಕ್ಕೆ ಒಬ್ಬನೇ ತಜ್ಞ ಎಂದು ಹೋಗಿ ಚೆಲುವಯ್ಯನನ್ನು ಕರೆದುಕೊಂಡು ಬಂದ.

ಚೆಲುವಯ್ಯ ರೇಷ್ಮೆ ಕೆಲಸ ತೋರಿಸುವ ಸರ್ಕಾರಿ ನೌಕರನಾಗಿದ್ದು ನಿವೃತ್ತನಾದವನು. ಮೂವತ್ತು ವರ್ಷ ಊರೂರು ತಿರುಗಿ, ಈ ಕಟ್ಟುಪಾಡುಗಳಲ್ಲಿ ಅರ್ಧ ಮೂಢನಂಬಿಕೆ ಎಂದು ಭಾಷಣ ಮಾಡಿದ್ದ. ಮೂವತ್ತು ವರ್ಷವೂ ಹೆಂಗಸರು ಅವನನ್ನು ಹೊಸಿಲಿನ ಆಚೆಯೇ ನಿಲ್ಲಿಸಿ ಭಾಷಣ ಕೇಳಿದ್ದರು, ಏಕೆಂದರೆ ಅವನು ನಶ್ಯ ಏರಿಸುತ್ತಿದ್ದ. ಅವನ ಜೇಬಿನಲ್ಲಿ ಈಗಲೂ ಒಂದು ಕೆಂಪು ಪೆನ್ನು ಇರುತ್ತಿತ್ತು, ಯಾರದಾದರೂ ತಪ್ಪು ತಿದ್ದಲು.

ಅವನು ಹೊಸಿಲಿನ ಮೇಲೆ ಕೂತು ಕತ್ತು ಚಾಚಿ ಒಳಗೆ ನೋಡಿದ. "ತಟ್ಟೆ ಬಿದಿರಿಂದು. ಹೆಣಿಗೆ ಸಡ್ಲ ಐತೆ. ಕೆಳಗೆ ಮಲಿಕಂಡು ಮೇಲೆ ನೋಡಿದ್ರೆ ಸಂದೀಲಿ ಅಕ್ಷರ ಕಾಣಾಕಿಲ್ವಾ?"

ಮನೋಹರ್ ಎದ್ದು ನಿಂತ. ಆ ಕ್ಷಣಕ್ಕೆ ಚೆಲುವಯ್ಯನ ನಶ್ಯದ ಡಬ್ಬಿಗೂ ಕೈ ಮುಗಿಯುವಷ್ಟು ಗೌರವ ಅವನಲ್ಲಿ ಹುಟ್ಟಿತು.

ಹೀಗಾಗಿ ಹನ್ನೊಂದೂವರೆಗೆ ಸಮಾಜಶಾಸ್ತ್ರದ ಉಪನ್ಯಾಸಕ, ಬನಿಯನ್ನು ಮತ್ತು ಲುಂಗಿಯಲ್ಲಿ, ಸ್ಟ್ಯಾಂಡಿನ ಅಡಿಗೆ ಅಂಗಾತ ತೂರಿಕೊಂಡ. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟಿತ್ತು. ಮೊದಲ ತೂರಿಕೆಗೇ ಮೊಣಕೈ ಒಂದರಲ್ಲಿ ಅದ್ದಿತು. ಬ್ಯಾಟರಿ ಹಚ್ಚಿ ಮೇಲೆ ನೋಡಿದ. ಬಿದಿರಿನ ಸಂದುಗಳಲ್ಲಿ ಅಕ್ಷರಗಳು ಕಂಡವು. ಅವನಿಗೆ ಅಳು ಬರುವಂತಾಯಿತು. ಅವನು ಪಿಸುದನಿಯಲ್ಲಿ ಓದಬೇಕು, ಚೆಲುವಯ್ಯ ಹೊಸಿಲಿನ ಮೇಲೆ ಕೂತು ತನ್ನ ಜೇಬಿನ ಪೆನ್ನಿನಲ್ಲೇ ಬರೆದುಕೊಳ್ಳಬೇಕು ಎಂದಾಯಿತು.

"ಶಬುದ ಮಾಡ್ಬೇಡಿ," ಎಂದು ಕೆಂಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುವೆ ಕಾವಲು ನಿಂತಳು.

ಎರಡು ಹಾಳೆ ಓದಿ ಮೂರನೆಯದಕ್ಕೆ ಬಂದಾಗ ಮನೋಹರನಿಗೆ ಏನೋ ಅನುಮಾನ ಬಂತು. ಅಕ್ಷರಗಳೆಲ್ಲ ಕೆಂಪು. ಬೇರೆ ಸ್ಟ್ಯಾಂಡಿನ ಅಡಿಗೆ ಹೊರಳಿದ. ಅಲ್ಲಿ ಕಾಣುವುದೂ ಕೆಂಪೇ. ಮಿಕ್ಕ ಹಾಳೆಗಳ ಬೆನ್ನು, ಹಾಲಿನಂಥ ಬಿಳಿ ಬೆನ್ನು ಮಾತ್ರ ಕಾಣುತ್ತಿತ್ತು.

"ಅವ್ವಾ, ನೀಲಿ ಇಂಕಿನ ಹಾಳೆ ಹೆಂಗೆ ಹಾಸ್ದೆ?"

"ಅಂಗಾತ."

"ಕೆಂಪಿಂದು?"

"ಬೋರಲು. ಹುಳಕ್ಕೆ ಕೆಂಪು ತಾಗಬಾರ್ದಪ್ಪ. ನಮ್ಮತ್ತೆ ಕಾಲ್ದಿಂದ್ಲೂ ಹಂಗೇ. ಇದೊಂದನ್ನ ನೀನು ಬರ್ಕಳಾಕೆ ಮರ್ತಿದ್ದೆ."

ಸ್ಟ್ಯಾಂಡಿನ ಅಡಿಯಲ್ಲಿ ಮನೋಹರ್ ಕಣ್ಣು ಮುಚ್ಚಿದ. ನಲವತ್ತು ಮನೆ ಸುತ್ತಿದವನಿಗೆ ಸ್ವಂತ ಮನೆಯ ಕಟ್ಟುಪಾಡು ಗೊತ್ತಾಗದೆ ಹೋಯಿತಲ್ಲ ಎಂಬ ಸಂಕಟ ಒಂದು ಕಡೆ. ಓದಲು ಸಿಗುವ ಹತ್ತು ಹಾಳೆಗಳಲ್ಲೂ ಇರುವುದು ಎದುರಾಳಿಯ ವಾದ, ಅದಕ್ಕೆ ತಾನು ಕೊಟ್ಟ ಉತ್ತರವೂ ತೀರ್ಮಾನವೂ ಹುಳುಗಳ ಹೊಟ್ಟೆಯ ಕೆಳಗೆ ಬೆಚ್ಚಗಿವೆ ಎಂಬ ಸಿಟ್ಟು ಇನ್ನೊಂದು ಕಡೆ. ಆದರೂ ಇದ್ದಷ್ಟು ಬರೆಸೋಣ, ಮಿಕ್ಕಿದ್ದನ್ನು ನೆನಪಿನಿಂದ ತುಂಬೋಣ ಎಂದು ಓದತೊಡಗಿದ.

ಚೆಲುವಯ್ಯನ ಮುಖ ಮಾತ್ರ ಹಾಳೆಹಾಳೆಗೂ ಅರಳುತ್ತಿತ್ತು. "ಆಹಾ. ಇದನ್ನೇ ಕಣಯ್ಯ ನಾನು ಮೂವತ್ತು ವರ್ಷ ಬಡ್ಕಂಡಿದ್ದು. ನಿಲ್ಸು, ಇಲ್ಲಿ ಒಸಿ ಸೇರಿಸ್ತೀನಿ. ನಶ್ಯಕ್ಕೂ ಹುಳದ ಸಾವಿಗೂ ಯಾವ ಸಂಬಂಧವೂ ಸಾಬೀತಾಗಿಲ್ಲ."

"ಅದು ನಾನು ಬರ್ದಿಲ್ಲ ಚೆಲುವಣ್ಣ."

"ಬರೀಬೇಕಾಗಿತ್ತು."

ಅಷ್ಟರಲ್ಲಿ ತಟ್ಟೆಗೆ ಉದುರಿಸಿದ್ದ ಸುಣ್ಣದ ಪುಡಿ ಸಂದಿಯಿಂದ ಸುರಿದು ಮನೋಹರನ ಮೂಗಿಗೆ ಹೊಕ್ಕಿತು. ಅವನ ಮುಖ ಊದಿಕೊಂಡಿತು. ಕೆಂಚಮ್ಮ ಹಾರಿ ಬಂದು ಸೆರಗನ್ನು ಮಗನ ಮೂಗು ಬಾಯಿಗೆ ಒತ್ತಿ ಹಿಡಿದಳು. ಸೀನು ಒಳಗೇ ಸಿಡಿದು ಕಿವಿಯಲ್ಲಿ ಗುಂಯ್ ಎಂದಿತು.

"ಸೀನಿದ್ರೂ ಹುಳಕ್ಕೆ ಆಗಾಕಿಲ್ಲ. ಹನ್ನೆರಡನೇ ಪುಟ," ಎಂದಳು ಕೆಂಚಮ್ಮ.

ಕೆಂಪು ಹಾಳೆಗಳು ಮುಗಿದಾಗ ಎರಡು ಗಂಟೆ. ಬಸ್ಸು ಹೋಗಿಯಾಗಿತ್ತು. ಕರಿಯಪ್ಪ ರಸ್ತೆಗೆ ಹೋಗಿ, ಚನ್ನಪಟ್ಟಣದಿಂದ ರಾಮನಗರದ ಹೆದ್ದಾರಿ ಅಂಗಡಿಗಳಿಗೆ ಮರದ ಬೊಂಬೆ ಸಾಗಿಸುವ ಹಬೀಬನ ಲಗೇಜ್ ಆಟೋವನ್ನು ಅಡ್ಡ ಹಾಕಿದ. ಕುಶಲಕರ್ಮಿಯೊಬ್ಬನ ಮನೆಯಿಂದ ಮಾಲು ತುಂಬಿಕೊಂಡು ಹೊರಟಿದ್ದ ಹಬೀಬ್, "ಮುಂದೆ ಜಾಗ ಇಲ್ಲ, ಹಿಂದೆ ಕುದುರೆ ಜೊತೆ ಕೂತ್ಕೊಳ್ಳಿ ಸಾರ್," ಎಂದ. ಅವಸರದಲ್ಲಿ ಪೆನ್ನು ಮರೆತ ಮನೋಹರನಿಗೆ ಚೆಲುವಯ್ಯ ತನ್ನ ಕೆಂಪು ಪೆನ್ನನ್ನೇ ಕೊಟ್ಟು, "ಬಿಡಬ್ಯಾಡ, ಹೊಡಿ," ಎಂದು ಬೀಳ್ಕೊಟ್ಟ.

ಬಣ್ಣದ ಕುದುರೆಗಳ ನಡುವೆ ಕೂತು, ಒಂದು ಕುದುರೆಯ ಬೆನ್ನಿನ ಮೇಲೆ ಹಾಳೆ ಇಟ್ಟು, ಮನೋಹರ್ ತನ್ನ ವಾದ ನೆನಪಿಸಿಕೊಳ್ಳಲು ಹೊರಟ. ಒಂದು ಸಾಲೂ ಬರಲಿಲ್ಲ. ನಲವತ್ತು ಮನೆಯವರ ಮಾತುಗಳಿದ್ದ ಜಾಗದಲ್ಲಿ ಬರಿಯ ಬಿಳಿ ಬೆನ್ನು ಕಾಣುತ್ತಿತ್ತು. ಬಂದದ್ದು ಸಿಟ್ಟು ಮಾತ್ರ. ಏಳು ವರ್ಷ ದುಡಿದವನ ಬದುಕು ನಾಲ್ಕು ಗಂಟೆಗೆ ತೀರ್ಮಾನವಾಗುವಾಗ, ಅವನ ಕೈಗೂ ಅವನ ಹಾಳೆಗೂ ನಡುವೆ ಬೆರಳುದ್ದದ ಹುಳುಗಳು ಕೂತು ಅಲ್ಲಾಡುವುದಿಲ್ಲ ಎನ್ನುವುದು ಯಾವ ನ್ಯಾಯ? ಹೆತ್ತ ತಾಯಿ ಮಗನ ಕಡೆ ನಿಲ್ಲದೆ ಹುಳುವಿನ ಕಡೆ ನಿಲ್ಲುವುದು ಯಾವ ವಿಜ್ಞಾನ? ಅದೂ ಅಲ್ಲದೆ ತೀರ್ಮಾನ ಎಂಬುದು ಒಡಲಿನಿಂದಲೇ ಹುಟ್ಟಬೇಕು ಎಂದು ಅವನೇ ತರಗತಿಯಲ್ಲಿ ಹೇಳುತ್ತಿದ್ದ. ಈಗ ಕೈಯಲ್ಲಿರುವ ಒಡಲು ಇದು. ಇದರಿಂದ ಹುಟ್ಟುವುದು ಹುಟ್ಟಲಿ ಎಂದು ಪೆನ್ನು ಊರಿದ.

"ಈ ಮನೆಗಳಲ್ಲಿ ಹುಳುವಿಗಿರುವ ಮರ್ಯಾದೆ ಮನುಷ್ಯನಿಗಿಲ್ಲ," ಎಂದು ಆರಂಭವಾದದ್ದು ನಾಲ್ಕು ಹಾಳೆಯವರೆಗೆ ಹರಿಯಿತು, ಹರಿಯಿತು. "ಮಗನಿಗೆ ಜ್ವರ ಬಂದರೆ ಮಾತ್ರೆ, ಹುಳುವಿಗೆ ಜ್ವರ ಬಂದರೆ ಮನೆಯವರಿಗೆಲ್ಲ ಮೌನವ್ರತ. ಇದು ವಿಜ್ಞಾನವಲ್ಲ, ದಬ್ಬಾಳಿಕೆ." ಜೀವಮಾನದಲ್ಲಿ ಅವನು ಇಷ್ಟು ಚೆನ್ನಾಗಿ ಬರೆದಿರಲಿಲ್ಲ. ಆಟೋ ಒಂದು ಉಬ್ಬು ಹಾರಿದಾಗ ಕುದುರೆಗಳೆಲ್ಲ ಒಟ್ಟಿಗೆ ತಲೆ ಅಲ್ಲಾಡಿಸಿ ಅನುಮೋದಿಸಿದವು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವನು ಪ್ರಿನ್ಸಿಪಾಲರ ಕೋಣೆಗೆ ಕಾಲಿಟ್ಟ. ತಲೆಯ ಮೇಲೆ ಸುಣ್ಣ, ಅಂಗಿಯ ಮೇಲೆ ಹಳದಿ ಬಣ್ಣ. ಅಲ್ಲಿ ಭಾನುಪ್ರಿಯ ಆಗಲೇ ಕೂತಿದ್ದಳು, ಮುಖ ಸಪ್ಪಗಿತ್ತು. ಅವನನ್ನು ಕಂಡು ಎದ್ದು ನಿಂತು, "ಕಂಗ್ರಾಟ್ಸ್ ಸಾರ್," ಎಂದಳು. ಅದು ಕುಹಕ ಎಂದುಕೊಂಡು ಮನೋಹರ್ ಹಾಳೆಗಳನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟ.

ಅನಂತರಾಜು ಹದಿನಾಲ್ಕು ಹಾಳೆಗಳನ್ನು ಒಂದೊಂದಾಗಿ ಓದಿದರು. ಓದುತ್ತ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಎಲ್ಲಾ ಕೆಂಪು," ಎಂದರು.

"ಹೌದು ಸಾರ್."

"ಪೀಠಿಕೆಯಲ್ಲಿ ನಿಮ್ಮ ತಾಯಿಯವರ ಕಟ್ಟುಪಾಡೇ ವಿಜ್ಞಾನ ಅಂದಿದ್ರಿ. ಇಲ್ಲಿ ಅದನ್ನೇ ದಬ್ಬಾಳಿಕೆ ಅಂತೀರಿ. ನಡುವೆ ಏನಾಯ್ತು?"

ನಡೆದದ್ದನ್ನು ಹೇಳಲು ಮನೋಹರ್ ಬಾಯಿ ತೆರೆದ. ತಟ್ಟೆ, ಬೋರಲು, ಅಂಗಾತ, ನಶ್ಯ, ಕುದುರೆ. ಹೇಳಿದರೆ ಯಾರು ನಂಬುತ್ತಾರೆ? "ಚಿಂತನೆ ಬದಲಾಯ್ತು ಸಾರ್," ಎಂದುಬಿಟ್ಟ.

"ಆಧಾರ?"

"ಅನುಭವ ಸಾರ್."

ಅನಂತರಾಜು ಮೇಜಿನ ಮೇಲಿದ್ದ ಇನ್ನೊಂದು ಪ್ರಬಂಧವನ್ನು ಮುಂದೆ ಸರಿಸಿದರು. "ಭಾನುಪ್ರಿಯ ಬೆಳಿಗ್ಗೆ ಹನ್ನೊಂದಕ್ಕೇ ಕೊಟ್ರು. ಕೋಡಿಹಳ್ಳಿಯಲ್ಲಿ ಅವರ ಸೋದರಮಾವನ ಮನೇಲಿ ಹುಳು ಇಟ್ಟು, ಬೇಕೂಂತಲೇ ಎಲ್ಲಾ ಕಟ್ಟುಪಾಡು ಮುರಿದ್ರಂತೆ. ಸೆಂಟು ಹಾಕಿದವರನ್ನ ಒಳಗೆ ಬಿಟ್ರು. ಪಕ್ಕದಲ್ಲೇ ಮೆಣಸಿನಕಾಯಿ ಒಗ್ಗರಣೆ ಹಾಕಿದ್ರು. ಜ್ವರ ಕೂತಾಗ ಹಾಸಿಗೆ ಬದಲಿಸಿದ್ರು. ಒಂದು ಹುಳಾನೂ ಗೂಡು ಕಟ್ಲಿಲ್ಲ. ಇದರಲ್ಲಿ ಯಾವ ತಪ್ಪಿಗೆ ಸತ್ತವು ಅಂತ ಬೇರೆ ಮಾಡಿ ನೋಡಬೇಕು ಅಂತಾನೂ ಬರೆದಿದ್ದಾರೆ. ಆದ್ರೆ ತಮ್ಮ ವಾದ ಬಿದ್ದುಹೋಯ್ತು, ಮನೋಹರ್ ಹೇಳಿದ್ದೇ ಸರಿ ಅಂತ ತೀರ್ಮಾನದಲ್ಲಿ ಒಪ್ಪಿಕೊಂಡಿದ್ದಾರೆ. ಕೊನೇ ಸಾಲು ಓದಿ."

ಕೊನೆಯ ಸಾಲು ನೀಲಿ ಇಂಕಿನಲ್ಲಿತ್ತು. "ಈ ಹುದ್ದೆ ಮನೋಹರ್ ಅವರಿಗೇ ಸಲ್ಲತಕ್ಕದ್ದು."

ಮುನಿಶಾಮಯ್ಯ ಹೇಳಲು ಹೊರಟ ಕತೆ ಯಾವುದೆಂದು ಮನೋಹರನಿಗೆ ಆಗ ಹೊಳೆಯಿತು. ಹೊಳೆದು ಪ್ರಯೋಜನವಿರಲಿಲ್ಲ.

"ನಿಮ್ಮ ಹೆಸರಿಗೆ ಆದೇಶ ಟೈಪ್ ಆಗಿ ನನ್ನ ಸಹಿಗೆ ಕೂತಿತ್ತು," ಎಂದರು ಅನಂತರಾಜು, ಒಂದು ಹಾಳೆಯನ್ನು ತೋರಿಸಿ. "ಪೀಠಿಕೆ ನಿಮ್ಮದು ಚೆನ್ನಾಗಿತ್ತು, ಎದುರಾಳಿಯೇ ಒಪ್ಪಿಕೊಂಡಾಗಿತ್ತು. ನೀವು ಒಡಲು ಕೊಡದೆ, ತೀರ್ಮಾನ ಕೊಡದೆ, ಇವತ್ತು ಮನೇಲಿ ಸುಮ್ಮನೆ ಕೂತಿದ್ದರೆ ಸಾಕಿತ್ತು. ಈಗ ನೋಡಿ, ಇಬ್ಬರೂ ಮಾತು ಬದಲಿಸಿದ್ದೀರಿ. ಅವರು ಪ್ರಯೋಗ ಮಾಡಿ, ಪುರಾವೆ ಕಂಡು ಬದಲಿಸಿದ್ರು. ಅದಕ್ಕೆ ಸಂಶೋಧನೆ ಅಂತಾರೆ. ನೀವು ಸಿಟ್ಟು ಬಂದು ಬದಲಿಸಿದ್ದೀರಿ." ಟೈಪಾದ ಹಾಳೆಯನ್ನು ನಾಲ್ಕಾಗಿ ಮಡಚಿ ಡ್ರಾಯರಿಗೆ ಹಾಕಿದರು. "ನಿಮ್ಮ ವಾದವನ್ನ ನಿಮಗಿಂತ ಚೆನ್ನಾಗಿ ಸಾಧಿಸಿದವರು ಭಾನುಪ್ರಿಯ. ಹುದ್ದೆ ಅವರಿಗೆ."

ಭಾನುಪ್ರಿಯಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನಿಮ್ಮ ಪೀಠಿಕೆ ಓದದೆ ಇದ್ದಿದ್ರೆ ನಾನು ಈ ಪ್ರಯೋಗಕ್ಕೆ ಕೈ ಹಾಕ್ತಾನೇ ಇರಲಿಲ್ಲ ಸಾರ್," ಎಂದಳು. ಈ ಮಾತಿಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗದೆ ಮನೋಹರ್ ತನ್ನ ಹದಿನಾಲ್ಕು ಕೆಂಪು ಹಾಳೆಗಳನ್ನು ಎತ್ತಿಕೊಂಡು ಹೊರಬಂದ.

ಹೊತ್ತು ಮುಳುಗುವಾಗ ಮನೆ ತಲುಪಿದ. ಕರಿಯಪ್ಪ, ಚೆಲುವಯ್ಯ ಅಂಗಳದಲ್ಲಿ ಫಲಿತಾಂಶಕ್ಕೆ ಕಾದು ಕೂತಿದ್ದರು. ಅವನ ಮುಖ ನೋಡಿದ ಮೇಲೆ ಕರಿಯಪ್ಪ ಕಿವಿಯ ಬೀಡಿಯನ್ನು ತೆಗೆದು ಹಚ್ಚದೆಯೇ ಬಾಯಿಗಿಟ್ಟುಕೊಂಡ. ಚೆಲುವಯ್ಯ ತನ್ನ ಪೆನ್ನನ್ನು ವಾಪಸು ಕೇಳಿದ.

ಒಳಗೆ ಹುಳುಗಳು ಹೊಸ ಪೊರೆಯಲ್ಲಿ, ಎಳೆ ಸೊಪ್ಪಿನ ಮೇಲೆ ಮಳೆ ಬಿದ್ದಂತೆ ಸದ್ದು ಮಾಡುತ್ತ ಮೇಯುತ್ತಿದ್ದವು. ಕೆಂಚಮ್ಮ ಹಾಳೆಗಳ ಒಂದು ಕಟ್ಟನ್ನು ತಂದು ಮಗನ ಕೈಗಿಟ್ಟಳು.

"ನೀನು ಅತ್ಲಾಗೆ ಹೋದೆ, ಇತ್ಲಾಗೆ ಅರ್ಧ ಗಂಟೇಲಿ ಎದ್ದ್ವು ಕಣಪ್ಪ. ಬಲೆ ಹಾಕಿ ಹುಳಾನೆಲ್ಲ ಬೇರೆ ಮಾಡಿ, ಹಿಕ್ಕೆ ಕೊಡವಿ, ಬಿಸಿಲಿಗೆ ಹಾಕಿ ಮಡಗಿವ್ನಿ. ಇಪ್ಪತ್ತಾರೂ ಅವೆ. ಒಂದೂ ಹರಿದಿಲ್ಲ."

ಮನೋಹರ್ ಮೇಲಿನ ಹಾಳೆ ನೋಡಿದ. ನೀಲಿ ಅಕ್ಷರಗಳು ಅಂಗಾತ, ಅಚ್ಚಳಿಯದೆ ಇದ್ದವು. ಅದನ್ನು ಕೈಯಲ್ಲಿ ಹಿಡಿದು ಅವನು ಹೊಸಿಲಿನ ಮೇಲೆ ಕೂತ.

ಕೆಂಚಮ್ಮ ಅವನ ಕಂಕುಳಲ್ಲಿದ್ದ ಇನ್ನೊಂದು ಕಟ್ಟನ್ನು ಎಳೆದುಕೊಂಡು ದೀಪಕ್ಕೆ ಹಿಡಿದಳು.

"ಇದೂ ಬರ್ದಾಯ್ತಾ?"

"ಆಯ್ತವ್ವ," ಎಂದ ಮನೋಹರ್.

"ಎಲ್ಲಾ ಕೆಂಪೇ ಐತಲ್ಲ," ಎಂದು ಅವಳು ಗೊಣಗಿದಳು. "ಇರ್ಲಿ ಬುಡು. ಬೋರಲು ಹಾಸ್ತೀನಿ."